ಮಾತು ತಡವಾದ ಮಗುವಿಗೆ ಮನೆಯಲ್ಲಿ ನೆರವಾಗುವ ಕ್ರಮ: ಕಿವಿಯ ಪರೀಕ್ಷೆಯಿಂದ ಎರಡು ಪದದ ವಾಕ್ಯದವರೆಗೆ

ಎರಡು ವರ್ಷ ತುಂಬಿದರೂ ಮಾತು ಬಾರದ ಮಗುವನ್ನು ಚಾಪೆಯ ಮೇಲೆ ಎದುರಿಗೆ ಕೂರಿಸಿಕೊಂಡು ‘ಅಮ್ಮ ಅನ್ನು, ಅಪ್ಪ ಅನ್ನು, ನೀರು ಅನ್ನು’ ಎಂದು ತಿಂಗಳುಗಟ್ಟಲೆ ಹೇಳಿಸಲು ನೋಡಿ, ಕೊನೆಗೆ ಮಗು ಆ ಚಾಪೆಯನ್ನು ಕಂಡರೇ ಎದ್ದು ಓಡುವಂತಾದ ಮನೆಗಳು ಬಹಳ ಇವೆ. ಆ ತಂದೆತಾಯಿಯರ ಪ್ರಯತ್ನದಲ್ಲಿ ಕೊರತೆ ಇರುವುದಿಲ್ಲ. ಕೊನೆಯಲ್ಲಿ ಮಾಡಬೇಕಾದ ಕೆಲಸವನ್ನು ಮೊದಲು ಮಾಡಿರುತ್ತಾರೆ. ಮಾತು ಹೊರಬರುವ ಮೊದಲು ಮಗುವಿಗೆ ಕಿವಿ ಸರಿಯಾಗಿ ಕೇಳಿಸಬೇಕು, ಕೇಳಿದ್ದು ಅರ್ಥವಾಗಬೇಕು, ಇನ್ನೊಬ್ಬರ ಗಮನ ಸೆಳೆದು ಏನನ್ನಾದರೂ ತೋರಿಸಬೇಕೆಂಬ ಆಸೆ ಹುಟ್ಟಬೇಕು, ಆ ಆಸೆಯನ್ನು ಕಣ್ಣಿನಿಂದಲೂ ಕೈಯಿಂದಲೂ ತಿಳಿಸಲು ಬರಬೇಕು. ಪದಗಳು ಬರುವುದು ಇಷ್ಟಾದ ಮೇಲೆ.

ಈ ಮಾರ್ಗದರ್ಶಿಯನ್ನು ಸುಮಾರು 1ರಿಂದ 3 ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಲಾಗಿದೆ. ಹಂತಗಳನ್ನು ಇಲ್ಲಿ ಕೊಟ್ಟಿರುವ ಕ್ರಮದಲ್ಲಿಯೇ ಅನುಸರಿಸಿ. ಮನೆಯ ಅಭ್ಯಾಸವು ತಜ್ಞರ ತಪಾಸಣೆಯ ಜಾಗವನ್ನು ತುಂಬಲಾರದು, ಹಾಗೆಯೇ ವಾರಕ್ಕೆ ಎರಡು ಗಂಟೆಯ ಥೆರಪಿ, ಅಂದರೆ ತಜ್ಞರು ಕೊಡುವ ಮಾತಿನ ತರಬೇತಿ, ಮನೆಯ ಜಾಗವನ್ನು ತುಂಬಲಾರದು. ಎರಡೂ ಜೊತೆಯಾಗಿ ನಡೆಯಬೇಕು.

ಮೊದಲು ಜೋಡಿಸಿಕೊಳ್ಳಬೇಕಾದದ್ದು

ಒಂದು ನೋಟ್‌ಬುಕ್ಕು, ಚಿಕ್ಕ ವಿಡಿಯೊ ತೆಗೆಯಲು ಒಂದು ಮೊಬೈಲು, ಮಗುವಿನ ತಾಯಿ ಕಾರ್ಡ್ ಮತ್ತು ಹೆರಿಗೆ ಆಸ್ಪತ್ರೆಯ ಕಾಗದಪತ್ರಗಳು ಸಾಕು. ಆಟಕ್ಕೆ ಚೆಂಡು, ಸೋಪಿನ ಗುಳ್ಳೆ ಊದುವ ಡಬ್ಬಿ, ಬಿಗಿ ಮುಚ್ಚಳದ ಪಾರದರ್ಶಕ ಡಬ್ಬ, ಸ್ಟೀಲಿನ ಲೋಟ, ಚಮಚ, ಒಂದು ಟವೆಲು ಇದ್ದರೆ ಆಯಿತು. ಚಿತ್ರದ ಫ್ಲ್ಯಾಶ್ ಕಾರ್ಡುಗಳಿಗೂ ‘ಮಾತು ಕಲಿಸುವ’ ಆಟಿಕೆಗಳಿಗೂ ಈ ಹಂತದಲ್ಲಿ ಹಣ ಹಾಕಬೇಡಿ. ಕಾರ್ಡಿನಲ್ಲಿ ಹುಲಿ, ಜಿರಾಫೆಗಳ ಹೆಸರು ಹೇಳುವ ಮಗುವಿಗೆ ‘ನೀರು ಬೇಕು’ ಎಂದು ಕೇಳಲು ಬಾರದಿದ್ದರೆ ಆ ಕಲಿಕೆಯಿಂದ ಅದರ ದಿನ ಸ್ವಲ್ಪವೂ ಹಗುರವಾಗುವುದಿಲ್ಲ.

ಹಂತ 1: ಕಿವಿಯ ಪರೀಕ್ಷೆ

ಮಗು ಎಷ್ಟೇ ಚುರುಕಾಗಿ ಕಂಡರೂ, ಕರೆದರೆ ತಿರುಗಿ ನೋಡಿದರೂ ಈ ಹಂತವನ್ನು ದಾಟಿಕೊಂಡು ಮುಂದೆ ಹೋಗಬೇಡಿ. ಅತಿ ಹೆಚ್ಚು ತಪ್ಪು ನಡೆಯುವುದೂ ಇಲ್ಲಿಯೇ, ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಮನೆಯಲ್ಲಿ ಹಿರಿಯರು ಮಾಡುವ ಪರೀಕ್ಷೆ ಎಲ್ಲರಿಗೂ ಗೊತ್ತು: ಮಗುವಿನ ಬೆನ್ನ ಹಿಂದೆ ನಿಂತು ಸ್ಟೀಲ್ ತಟ್ಟೆಯನ್ನು ಬಾರಿಸುವುದು, ಇಲ್ಲವೇ ಬಾಗಿಲನ್ನು ದಢಾರನೆ ಹಾಕುವುದು. ಮಗು ತಿರುಗಿದರೆ ‘ಕಿವಿ ಚೆನ್ನಾಗಿದೆ’ ಎಂಬ ತೀರ್ಮಾನವಾಗುತ್ತದೆ. ಆದರೆ ಬಾಗಿಲು ಬಡಿದಾಗ ನೆಲ ಅದುರುತ್ತದೆ, ಗಾಳಿ ಬೀಸುತ್ತದೆ, ಹಿಂದೆ ನಿಂತವರ ನೆರಳು ಎದುರಿನ ಗೋಡೆಯ ಮೇಲೆ ಬೀಳುತ್ತದೆ; ಮಗು ಇವುಗಳಲ್ಲಿ ಯಾವುದಕ್ಕೂ ತಿರುಗಬಹುದು. ತಟ್ಟೆಯ ಸದ್ದು ನಾವು ಆಡುವ ಮಾತಿಗಿಂತ ಎಷ್ಟೋ ಪಾಲು ಜೋರಾಗಿರುತ್ತದೆ. ಸಾಮಾನ್ಯ ಮಾತುಕತೆಯ ಮಟ್ಟ ಸುಮಾರು 50ರಿಂದ 60 ಡೆಸಿಬಲ್ (ಸದ್ದಿನ ಜೋರನ್ನು ಅಳೆಯುವ ಮಾನ). ಜೋರು ಸದ್ದಿಗೆ ತಿರುಗುವ ಮಗುವಿಗೆ ಮಾತಿನೊಳಗಿನ ‘ಸ’, ‘ಶ’, ‘ಚ’, ‘ತ’ದಂಥ ಕ್ಷೀಣ ಧ್ವನಿಗಳು ಕೇಳಿಸದೇ ಇರಬಹುದು. ಅಂಥ ಮಗುವಿಗೆ ನಮ್ಮ ಮಾತು ಅಕ್ಷರಗಳು ಉದುರಿಹೋದ ರೂಪದಲ್ಲಿ ತಲುಪುತ್ತದೆ, ಮತ್ತು ಅದು ಕಲಿಯುವುದೂ ಅದೇ ರೂಪವನ್ನು.

ಮಾಡಿಸಬೇಕಾದದ್ದು ಈ ಕ್ರಮದಲ್ಲಿ: ಮೊದಲು ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ಕಿವಿಯಲ್ಲಿ ಗುಗ್ಗೆ ಕಟ್ಟಿಕೊಂಡಿದ್ದರೆ, ಪದೇ ಪದೇ ನೆಗಡಿಯಾಗಿ ಕಿವಿತಮಟೆಯ ಹಿಂದೆ ನೀರು ಅಥವಾ ಅಂಟಿನಂಥ ದ್ರವ ನಿಂತಿದ್ದರೆ ಅವರು ಚಿಕಿತ್ಸೆ ಕೊಡುತ್ತಾರೆ. ಈ ದ್ರವದ ತೊಂದರೆಯಲ್ಲಿ ನೋವು ಇಲ್ಲದಿರಬಹುದು, ಕಿವಿ ಸೋರದೆಯೂ ಇರಬಹುದು, ಮಗುವಿಗೆ ಒಂದು ವಾರ ಚೆನ್ನಾಗಿ ಕೇಳಿಸಿ ಮರುವಾರ ಕೇಳಿಸದಿರಬಹುದು. ‘ಬೇಕಾದಾಗ ಮಾತ್ರ ಕೇಳಿಸಿಕೊಳ್ಳುತ್ತಾನೆ, ತುಂಬ ಹಟ’ ಎಂದು ಮನೆಯವರು ಹೇಳುವ ಕೆಲವು ಮಕ್ಕಳಲ್ಲಿ ಇದೇ ಕಾರಣವಿರುತ್ತದೆ.

ಆ ಮೇಲೆ ಶ್ರವಣ ತಜ್ಞರ ಬಳಿ ಓಎಇ ಮತ್ತು ಬೆರಾ ಪರೀಕ್ಷೆಗಳು. ಓಎಇ ಕೆಲವೇ ನಿಮಿಷದ್ದು; ಒಳಕಿವಿಯ ಸೂಕ್ಷ್ಮ ಕೋಶಗಳು ಶಬ್ದಕ್ಕೆ ಪ್ರತಿಕ್ರಿಯಿಸುತ್ತವೆಯೇ ಎಂಬುದನ್ನು ತೋರಿಸುತ್ತದೆ. ಬೆರಾ ಪರೀಕ್ಷೆಯಲ್ಲಿ ತಲೆಗೆ ಚಿಕ್ಕ ಎಲೆಕ್ಟ್ರೋಡುಗಳನ್ನು ಅಂಟಿಸಿ, ಕಿವಿಗೆ ಹಾಕಿದ ಶಬ್ದವು ನರದ ದಾರಿಯಲ್ಲಿ ಮಿದುಳುಕಾಂಡದವರೆಗೆ ಹೋಗುತ್ತಿದೆಯೇ ಎಂದು ಅಳೆಯುತ್ತಾರೆ. ಇದಕ್ಕೆ ಚುಚ್ಚುವುದಿಲ್ಲ, ನೋವಾಗುವುದಿಲ್ಲ. ಆದರೆ ಮಗು ಅಲುಗಾಡದೆ ನಿದ್ದೆ ಮಾಡುತ್ತಿರಬೇಕು. ಅನೇಕ ತಾಯಂದಿರು ಬೆಳಗಿನ ಬಸ್ಸಿನಲ್ಲಿ ಮಗುವನ್ನು ಚೆನ್ನಾಗಿ ಮಲಗಿಸಿಕೊಂಡು ಬಂದು, ಆಸ್ಪತ್ರೆಯಲ್ಲಿ ಅದು ಕಣ್ಣು ಮುಚ್ಚದೆ, ಪರೀಕ್ಷೆಯಾಗದೆ ಮರಳಿ ಹೋಗುತ್ತಾರೆ. ಹಿಂದಿನ ರಾತ್ರಿ ತಡವಾಗಿ ಮಲಗಿಸಿ. ಬೆಳಿಗ್ಗೆ ಬೇಗ ಎಬ್ಬಿಸಿ. ದಾರಿಯಲ್ಲಿ ತೂಕಡಿಸಲು ಬಿಡಬೇಡಿ. ತಲೆಗೆ ಎಣ್ಣೆ ಹಚ್ಚಬೇಡಿ. ಯಾವಾಗ ಉಣಿಸಬೇಕು ಎಂಬುದನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ನಿದ್ದೆಯ ಸಿರಪ್ ಬೇಕಾದರೆ ಅದನ್ನು ಆಸ್ಪತ್ರೆಯಲ್ಲಿ ವೈದ್ಯರ ಕಣ್ಣೆದುರಿಗೇ ಕೊಡಬೇಕು, ಮನೆಯಲ್ಲಿ ಕುಡಿಸಿಕೊಂಡು ಹೋಗಬಾರದು.

ಹುಟ್ಟಿದ ಕೂಡಲೇ ಅಳದ ಮಗು, ದಿನಗಟ್ಟಲೆ ಎನ್‌ಐಸಿಯುನಲ್ಲಿದ್ದ (ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿದ್ದ) ಮಗು, ಕಾಮಾಲೆ ವಿಪರೀತ ಏರಿ ರಕ್ತ ಬದಲಾಯಿಸಬೇಕಾಗಿ ಬಂದ ಮಗು, ಮೆದುಳುಜ್ವರ ಬಂದು ಹೋದ ಮಗು, ಸೋದರಮಾವ ಅಥವಾ ಸೋದರತ್ತೆಯ ಸಂಬಂಧದಲ್ಲಿ ಮದುವೆಯಾದ ದಂಪತಿಯ ಮಗು, ಕುಟುಂಬದಲ್ಲಿ ಬಾಲ್ಯದಿಂದಲೇ ಕಿವುಡು ಇರುವವರ ಮಗು: ಇವರ ವಿಷಯದಲ್ಲಿ ಮಾತು ತಡವಾಗುವವರೆಗೂ ಕಾಯಬಾರದು. ನವಜಾತ ಶಿಶುಗಳಿಗೆ ಜಗತ್ತಿನಾದ್ಯಂತ ಒಪ್ಪಿರುವ ಗುರಿಯೆಂದರೆ 1 ತಿಂಗಳೊಳಗೆ ಶ್ರವಣ ತಪಾಸಣೆ, 3 ತಿಂಗಳೊಳಗೆ ಖಚಿತ ರೋಗನಿರ್ಣಯ, 6 ತಿಂಗಳೊಳಗೆ ಚಿಕಿತ್ಸೆಯ ಆರಂಭ.

ಕಿವಿ ಮಂದವೆಂದು ತಿಳಿದು ಶ್ರವಣ ಸಾಧನ ಕೊಟ್ಟರೆ ಅದನ್ನು ಮಗು ಎಚ್ಚರವಾಗಿರುವಷ್ಟು ಹೊತ್ತೂ ಹಾಕಬೇಕು. ನೆಂಟರು ಬಂದಾಗ ತೆಗೆದಿಡುವುದು, ಥೆರಪಿಗೆ ಹೋಗುವಾಗ ಮಾತ್ರ ಹಾಕುವುದು, ಬ್ಯಾಟರಿ ಮುಗಿದದ್ದನ್ನು ನೋಡದಿರುವುದು, ಇವೆಲ್ಲ ಮಗುವಿನ ಕಲಿಕೆಯ ಗಂಟೆಗಳನ್ನು ಕಿತ್ತುಕೊಳ್ಳುತ್ತವೆ. ಕಿವಿಯಲ್ಲಿದ್ದಾಗಲೇ ಮಷೀನು ಕುಯ್ಯೆಂದು ಸಿಳ್ಳೆ ಹಾಕುತ್ತಿದ್ದರೆ ಅದರ ಅಚ್ಚು, ಅಂದರೆ ಕಿವಿಯೊಳಗೆ ಕೂರುವ ಭಾಗ, ಸಡಿಲವಾಗಿರಬಹುದು. ಮಗು ಬೆಳೆದಂತೆ ಅಚ್ಚನ್ನು ಬದಲಾಯಿಸಬೇಕಾಗುತ್ತದೆ.

ಹಂತ 2: ಮಗು ಈಗ ಎಲ್ಲಿದೆ ಎಂದು ಬರೆದುಕೊಳ್ಳುವುದು

ಒಂದು ವಾರ ಏನನ್ನೂ ಕಲಿಸದೆ ನೋಡುತ್ತಾ ಬರೆಯಿರಿ. ನೋಟ್‌ಬುಕ್ಕಿನಲ್ಲಿ ಮೂರು ಭಾಗ ಮಾಡಿ: ಮಗುವಿಗೆ ಅರ್ಥವಾಗುವುದು, ಕೈ-ಕಣ್ಣುಗಳಿಂದ ತಿಳಿಸುವುದು, ಬಾಯಿಂದ ಹೇಳುವುದು. ಸಾಮಾನ್ಯವಾಗಿ ಪೋಷಕರು ಮೂರನೆಯದನ್ನು ಮಾತ್ರ ಎಣಿಸುತ್ತಾರೆ, ಆದರೆ ಮುಂದಿನ ದಾರಿಯನ್ನು ತೋರಿಸುವುದು ಮೊದಲೆರಡು.

ಅರ್ಥವನ್ನು ಪರೀಕ್ಷಿಸುವಾಗ ಸನ್ನೆ ಮಾಡಬೇಡಿ. ಬಾಗಿಲ ಬಳಿ ಚಪ್ಪಲಿಯತ್ತ ಬೆರಳು ತೋರಿಸಿ ‘ಚಪ್ಪಲಿ ತಾ’ ಎಂದರೆ ಮಗು ಬೆರಳನ್ನು ನೋಡಿ ತರುತ್ತದೆ, ಪದ ಅರ್ಥವಾಗಿದೆಯೋ ಇಲ್ಲವೋ ನಿಮಗೆ ತಿಳಿಯುವುದಿಲ್ಲ. ಕೈ ಕಟ್ಟಿಕೊಂಡು, ಕಣ್ಣನ್ನೂ ಅತ್ತ ಹಾಯಿಸದೆ, ಬೇರೆ ಕೋಣೆಯಲ್ಲಿ ನಿಂತು ಹೇಳಿ ನೋಡಿ. ‘ಅವನಿಗೆ ಎಲ್ಲಾ ಅರ್ಥವಾಗುತ್ತದೆ, ಮಾತು ಮಾತ್ರ ಇಲ್ಲ’ ಎನ್ನುವ ಮನೆಗಳಲ್ಲಿ ಈ ಒಂದು ಪರೀಕ್ಷೆ ಚಿತ್ರವನ್ನೇ ಬದಲಿಸಿಬಿಡುವುದುಂಟು.

ಹೋಲಿಸಲು ಸ್ಥೂಲವಾದ ಅಳತೆಗಳು ಹೀಗಿವೆ. ಸುಮಾರು 6ರಿಂದ 9 ತಿಂಗಳಲ್ಲಿ ‘ಬಬಬ’, ‘ದದದ’ ಎಂಬ ತೊದಲು. 9-10 ತಿಂಗಳ ಹೊತ್ತಿಗೆ ಹೆಸರಿಗೆ ತಿರುಗುವುದು. ಒಂದು ವರ್ಷದ ಆಸುಪಾಸಿನಲ್ಲಿ ಟಾಟಾ ಮಾಡುವುದು, ಬೇಕಾದದ್ದನ್ನು ತೋರಿಸುವುದು, ಅರ್ಥವಿಟ್ಟು ಒಂದೆರಡು ಪದ. ಒಂದೂವರೆ ವರ್ಷಕ್ಕೆ ಹತ್ತಕ್ಕೂ ಹೆಚ್ಚು ಪದ. ಎರಡು ವರ್ಷಕ್ಕೆ ಸುಮಾರು 50 ಪದಗಳು ಮತ್ತು ‘ಅಮ್ಮಾ ಬಾ’, ‘ಹಾಲು ಬೇಡ’ ಎಂಬಂತೆ ಎರಡು ಪದಗಳ ಜೋಡಣೆ. ಮೂರು ವರ್ಷಕ್ಕೆ ಮನೆಯ ಹೊರಗಿನವರಿಗೂ ಬಹುಪಾಲು ತಿಳಿಯುವ ಮಾತು. ‘ಬೌಬೌ’, ‘ಅಂಬಾ’, ‘ಮಮ್ಮು’, ‘ತಾಚಿ’ ಇವೆಲ್ಲ ಪದಗಳೇ. ಮಗು ಪ್ರತಿಸಲವೂ ಅದೇ ವಸ್ತುವಿಗೆ ಅದೇ ಸದ್ದನ್ನು ಬಳಸಿದರೆ ಎಣಿಕೆಗೆ ಸೇರಿಸಿ. ಮನೆಯಲ್ಲಿ ತುಳು, ಕೊಂಕಣಿ, ಉರ್ದು, ತೆಲುಗು, ಮರಾಠಿ ಯಾವುದೇ ಇದ್ದು ಬೀದಿಯಲ್ಲಿ ಕನ್ನಡವಿದ್ದರೆ ಎರಡೂ ಭಾಷೆಯ ಪದಗಳನ್ನು ಕೂಡಿಸಿ ಎಣಿಸಬೇಕು.

ದಿನದ ಬೇರೆ ಬೇರೆ ಹೊತ್ತಿನಲ್ಲಿ, ಮಗುವಿಗೆ ತಿಳಿಯದಂತೆ, ಎರಡೆರಡು ನಿಮಿಷದ ಮೂರು ನಾಲ್ಕು ವಿಡಿಯೊ ತೆಗೆದಿಡಿ. ಅಪರಿಚಿತ ಕೋಣೆಯಲ್ಲಿ ಬಾಯಿ ಬಿಡದ ಮಗು ಮನೆಯಲ್ಲಿ ಹೇಗಿರುತ್ತದೆ ಎಂದು ತಜ್ಞರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ದಾಖಲೆ ಇಲ್ಲ.

ಹಂತ 3: ಪರದೆಯನ್ನು ತೆಗೆದಿಡುವುದು

ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡ ಎಂಬುದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮಾತಿನ ತೊಂದರೆಗಳೆಲ್ಲ ಮೊಬೈಲಿನಿಂದಲೇ ಬಂದವೆಂದು ತಾಯಿಯನ್ನು ದೂಷಿಸುವುದು ಅನ್ಯಾಯ. ಆದರೂ ಮುಂದಿನ ಹಂತಗಳಿಗೆ ಬೇಕಾದ ಹೊತ್ತನ್ನು ಪರದೆ ತಿನ್ನುತ್ತದೆ, ಮತ್ತು ಮಗುವಿನ ಮಾತಿಗೆ ಅದು ಎಂದೂ ಕಾಯುವುದಿಲ್ಲ, ಉತ್ತರಿಸುವುದಿಲ್ಲ.

ಮೊದಲು ಊಟದ ಹೊತ್ತಿನ ಮೊಬೈಲನ್ನು ನಿಲ್ಲಿಸಿ, ಏಕೆಂದರೆ ಊಟವು ದಿನಕ್ಕೆ ಮೂರು ನಾಲ್ಕು ಬಾರಿ ತಾನಾಗಿ ಒದಗುವ ಮಾತಿನ ಅವಕಾಶ. ಮೊದಲ ಕೆಲವು ದಿನ ಅಳು, ಹಟ, ಅರೆಹೊಟ್ಟೆ ಇರುತ್ತದೆ. ಮನೆಯ ಎಲ್ಲರೂ ಒಂದೇ ಮಾತಿಗೆ ನಿಲ್ಲದಿದ್ದರೆ, ಅಂದರೆ ಅಮ್ಮ ತೆಗೆದಿಟ್ಟದ್ದನ್ನು ತಾತ ಮರುಗಿ ಕೊಟ್ಟರೆ, ಈ ಹಂತ ಮುಗಿಯುವುದೇ ಇಲ್ಲ. ಯಾರೂ ನೋಡದೆ ಸುಮ್ಮನೆ ಓಡುತ್ತಿರುವ ಟಿವಿಯನ್ನೂ ಆರಿಸಿ. ಆ ಗದ್ದಲದಲ್ಲಿ ಮಗುವಿಗೆ ನಿಮ್ಮ ಮಾತನ್ನು ಬೇರ್ಪಡಿಸಿ ಕೇಳುವುದು ಕಷ್ಟ.

ಹಂತ 4: ಮುಖಾಮುಖಿ ಮತ್ತು ಸರದಿ

ನೆಲದ ಮೇಲೆ, ಮಗುವಿನ ಕಣ್ಣಿನ ಎತ್ತರಕ್ಕೆ ನಿಮ್ಮ ಮುಖ ಬರುವಂತೆ ಕುಳಿತುಕೊಳ್ಳಿ. ತೊಡೆಯ ಮೇಲೆ ಬೆನ್ನು ಮಾಡಿ ಕೂರಿಸಿಕೊಂಡರೆ ಮಗುವಿಗೆ ನಿಮ್ಮ ತುಟಿಯೂ ಕಾಣುವುದಿಲ್ಲ, ನಿಮ್ಮ ಹುಬ್ಬೂ ಕಾಣುವುದಿಲ್ಲ. ಮಗು ಏನು ಮಾಡುತ್ತಿದೆಯೋ ಅದನ್ನೇ ನೀವೂ ಮಾಡಿ. ಅದು ಚಮಚದಿಂದ ಡಬ್ಬ ಬಡಿದರೆ ಇನ್ನೊಂದು ಚಮಚದಿಂದ ನೀವೂ ಬಡಿಯಿರಿ, ಅದು ‘ಆ’ ಎಂದರೆ ನೀವೂ ‘ಆ’ ಎನ್ನಿ, ಆ ಮೇಲೆ ನಿಲ್ಲಿಸಿ. ಮಗು ನಿಮ್ಮನ್ನು ನೋಡಿ ಮತ್ತೆ ಬಡಿದ ಗಳಿಗೆಯಲ್ಲಿ ಮೊದಲ ಸಂಭಾಷಣೆ ನಡೆದಿದೆ ಎಂದು ತಿಳಿಯಿರಿ.

ದೊಡ್ಡವರಿಗೆ ಅತ್ಯಂತ ಕಷ್ಟವಾಗುವುದು ಕಾಯುವುದು. ಮಗು ಉತ್ತರಿಸುವ ಮೊದಲೇ ನಾವು ಅದೇ ಪ್ರಶ್ನೆಯನ್ನು ಮೂರು ಸಲ ಕೇಳಿ, ಉತ್ತರವನ್ನೂ ನಾವೇ ಹೇಳಿಬಿಡುತ್ತೇವೆ. ಒಂದು ಮಾತು ಹೇಳಿದ ಮೇಲೆ ಮನಸ್ಸಿನಲ್ಲಿ ಒಂದರಿಂದ ಐದರವರೆಗೋ ಹತ್ತರವರೆಗೋ ನಿಧಾನವಾಗಿ ಎಣಿಸಿ, ಮಗುವಿನ ಮುಖವನ್ನೇ ನಗುತ್ತಾ ನೋಡುತ್ತಿರಿ. ಅವಿಭಕ್ತ ಕುಟುಂಬದಲ್ಲಿ ಐದಾರು ಜನ ಸುತ್ತ ಕುಳಿತು ಒಟ್ಟಿಗೆ ಮಾತಾಡಿಸುವುದಕ್ಕಿಂತ, ಒಬ್ಬೊಬ್ಬರು ಸರದಿಯಂತೆ ಹತ್ತು ಹದಿನೈದು ನಿಮಿಷ ಮಗುವಿನೊಂದಿಗೆ ಕೂರುವುದು ಎಷ್ಟೋ ಮೇಲು.

ಟವೆಲಿನ ಹಿಂದೆ ಮುಖ ಮರೆಸಿ ‘ಭೋ’ ಎನ್ನುವ ಆಟ, ಚೆಂಡು ಉರುಳಿಸುವ ಆಟ, ಗುಳ್ಳೆ ಊದುವ ಆಟ ಇದಕ್ಕೆ ಒದಗುತ್ತವೆ. ಇವೆಲ್ಲವುಗಳಲ್ಲಿಯೂ ಒಂದು ತಡೆ, ಒಂದು ಕಾತರ, ಒಂದು ಫಲ ಇದೆ. ಮಗು ಮತ್ತೆ ಆಟ ಬೇಕೆಂದು ನಿಮ್ಮ ಕಣ್ಣನ್ನು ಹುಡುಕತೊಡಗಿದ ಮೇಲೆ ಐದನೆಯ ಹಂತಕ್ಕೆ ಹೋಗಿ.

ಹಂತ 5: ಸನ್ನೆ

‘ಸನ್ನೆ ಕಲಿಸಿದರೆ ಸೋಮಾರಿಯಾಗಿ ಮಾತೇ ಆಡುವುದಿಲ್ಲ’ ಎಂಬ ಹೆದರಿಕೆ ವ್ಯಾಪಕವಾಗಿದೆ. ಆಗುವುದು ಇದಕ್ಕೆ ತಿರುವುಮುರುವಾಗಿ: ಬೆರಳು ತೋರಿಸುವುದು ಮಾತಿನ ಮುನ್ನಡೆಯ ಬಲವಾದ ಗುರುತುಗಳಲ್ಲಿ ಒಂದು. ‘ಕೊಡು’ ಎಂದು ಅಂಗೈ ಚಾಚುವುದು, ‘ಬೇಡ’ ಎಂದು ತಲೆ ಆಡಿಸುವುದು, ‘ಆಯ್ತು’ ಎಂದು ಎರಡೂ ಕೈ ತಿರುಗಿಸುವುದು, ‘ಎತ್ಕೋ’ ಎಂದು ತೋಳೆತ್ತುವುದು, ದೇವರಿಗೆ ಕೈ ಮುಗಿಯುವುದು ಇವುಗಳಿಂದ ಆರಂಭಿಸಿ. ಪ್ರತಿ ಸನ್ನೆಯೊಂದಿಗೆ ಪದವನ್ನೂ ಹೇಳಿ.

ಇಲ್ಲಿ ಒಂದು ವಿಷಯವನ್ನು ಸೂಕ್ಷ್ಮವಾಗಿ ಗಮನಿಸಿ. ಮಗು ನಿಮ್ಮ ಮಣಿಕಟ್ಟನ್ನು ಹಿಡಿದೆಳೆದು, ನಿಮ್ಮ ಮುಖವನ್ನು ನೋಡದೆ, ನಿಮ್ಮ ಕೈಯನ್ನೇ ಬಿಸ್ಕತ್ತಿನ ಡಬ್ಬದ ಮೇಲಿಡುವುದು ಬೇರೆ; ಡಬ್ಬವನ್ನು ತೋರಿಸಿ ನಿಮ್ಮ ಕಣ್ಣನ್ನು ನೋಡುವುದು ಬೇರೆ. ಆಕಾಶದಲ್ಲಿ ವಿಮಾನ ಹೋದಾಗ ಏನೂ ಬೇಡದಿದ್ದರೂ ಬೆರಳೆತ್ತಿ, ನೀವೂ ನೋಡಿದಿರೋ ಇಲ್ಲವೋ ಎಂದು ತಿರುಗಿ ನೋಡುವುದು ಇನ್ನೂ ಮುಂದಿನದು. ಒಂದೂವರೆ ವರ್ಷ ಕಳೆದ ಮಗುವಿನಲ್ಲಿ ಮೊದಲನೆಯದು ಮಾತ್ರ ಕಾಣುತ್ತಿದ್ದರೆ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ, ಆಟಿಸಂ (ಇತರರೊಂದಿಗೆ ಬೆರೆಯುವ, ಸಂವಹಿಸುವ ರೀತಿ ಭಿನ್ನವಾಗಿರುವ ಬೆಳವಣಿಗೆಯ ಸ್ಥಿತಿ) ಬಗ್ಗೆ ಮಗುವನ್ನು ಪರೀಕ್ಷಿಸುವಂತೆ ತಜ್ಞರನ್ನು ಕೇಳಿ.

ಹಂತ 6: ಮೊದಲ ಪದಗಳು

ಬಣ್ಣ, ಅಂಕಿ, ಅಕ್ಷರಗಳನ್ನು ಬಿಡಿ. ಮಗು ಹೇಳಿದ ಕೂಡಲೇ ಏನಾದರೂ ಆಗುವಂಥ ಹತ್ತು ಪದಗಳನ್ನು ಆರಿಸಿಕೊಳ್ಳಿ. ಕನ್ನಡದಲ್ಲಿ ಇದಕ್ಕೊಂದು ಅನುಕೂಲವಿದೆ: ಬಾ, ತಾ, ಕೊಡು, ಹಾಕು, ತೆಗಿ, ಎತ್ತು, ಏಳು ಎಂಬ ನಮ್ಮ ಅಪ್ಪಣೆಯ ಪದಗಳೇ ಬಹಳ ಚಿಕ್ಕವು. ಪ, ಬ, ಮ, ತ, ದ, ನ ಧ್ವನಿಗಳು ಮಕ್ಕಳ ಬಾಯಿಗೆ ಸಾಮಾನ್ಯವಾಗಿ ಬೇಗ ಬರುತ್ತವೆ. ರ, ಳ, ಷ ಮತ್ತು ಒತ್ತಕ್ಷರಗಳು ತಡವಾಗಿ ಬರುತ್ತವೆ. ಆದ್ದರಿಂದ ‘ಬೇಕು’, ‘ಬೇಡ’, ‘ಬಾ’, ‘ತಾ’, ‘ಮಮ್ಮು’, ‘ನೀನು’ ಮೊದಲಿರಲಿ, ‘ಚಕ್ಲಿ’ ‘ರೊಟ್ಟಿ’ ಆಮೇಲೆ.

ಸ್ನಾನದ ಹೊತ್ತನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಬಕೆಟ್ಟಿನಿಂದ ಚೊಂಬು ತುಂಬಿ ಎತ್ತಿ ಹಿಡಿಯಿರಿ. ‘ಹಾಕು’ ಎಂದು ಹೇಳಿ ಸುರಿಯಿರಿ. ಮತ್ತೆ ತುಂಬಿ, ‘ಹಾಕು’ ಎಂದು ಸುರಿಯಿರಿ. ಹೀಗೆ ನಾಲ್ಕೈದು ಸಲವಾದ ಮೇಲೆ ಚೊಂಬನ್ನು ಮಗುವಿನ ಹೆಗಲ ಮೇಲೆ ಹಿಡಿದು, ಬಾಯಿ ತೆರೆದು, ಏನೂ ಹೇಳದೆ ನಿಲ್ಲಿ. ಮಗು ಚೊಂಬನ್ನು ನೋಡುತ್ತದೆ, ನಿಮ್ಮನ್ನು ನೋಡುತ್ತದೆ, ಮೈ ಕುಣಿಸುತ್ತದೆ. ಒಂದು ದಿನ ‘ಆ...’ ಎನ್ನುತ್ತದೆ. ಆ ‘ಆ’ಕ್ಕೆ ತಕ್ಷಣ ‘ಹಾಕು!’ ಎಂದು ಸಂಭ್ರಮದಿಂದ ನೀರು ಸುರಿಯಿರಿ. ‘ಸರಿಯಾಗಿ ಹೇಳು, ಆಗ ಹಾಕುತ್ತೇನೆ’ ಎಂದು ತಡೆಹಿಡಿಯಬೇಡಿ. ನೋಟ, ಸನ್ನೆ, ಅರ್ಧ ಸದ್ದು ಯಾವುದು ಬಂದರೂ ಫಲ ಸಿಗಬೇಕು. ಹತ್ತು ಸೆಕೆಂಡು ಕಾದರೂ ಏನೂ ಬಾರದಿದ್ದರೆ ನೀವೇ ಪದ ಹೇಳಿ ಸುರಿದು ಮುಂದುವರಿಯಿರಿ. ಮಗು ಅತ್ತರೆ ನೀವು ಅತಿಯಾಗಿ ಕಾದಿದ್ದೀರಿ ಎಂದರ್ಥ.

ಇದೇ ರೀತಿಯನ್ನು ದಿನದ ಉಳಿದ ಕೆಲಸಗಳಿಗೂ ಒಯ್ಯಿರಿ: ದೋಸೆಯನ್ನು ಇಡಿಯಾಗಿ ಕೊಡದೆ ಒಂದೊಂದು ಚೂರು ಕೊಟ್ಟು ‘ಇನ್ನೂ’ ಎನ್ನುವುದು, ಇಷ್ಟದ ತಿಂಡಿಯನ್ನು ಬಿಗಿ ಮುಚ್ಚಳದ ಡಬ್ಬದಲ್ಲಿಟ್ಟು ‘ತೆಗಿ’ ಎನ್ನುವುದು, ಮೆಟ್ಟಿಲ ಬಳಿ ‘ಹತ್ತು’, ‘ಇಳಿ’ ಎನ್ನುವುದು. ಎಲ್ಲವನ್ನೂ ಒಂದೇ ದಿನ ತಡೆಹಿಡಿದು ಮಗುವನ್ನು ಬೇಸರಪಡಿಸಬೇಡಿ; ದಿನಕ್ಕೆ ಮೂರು ಸಂದರ್ಭಗಳನ್ನು ಗೊತ್ತುಮಾಡಿಕೊಂಡು, ಆ ಮೂರರಲ್ಲೂ ಮನೆಯವರೆಲ್ಲ ಅದೇ ಪದವನ್ನು ಬಳಸುವಂತೆ ನೋಡಿಕೊಳ್ಳಿ. ಅಜ್ಜಿ ‘ಉಣ್ಣು’, ಅಮ್ಮ ‘ತಿನ್ನು’, ಅಪ್ಪ ‘ಈಟ್’ ಎಂದರೆ ಮೊದಲ ಪದ ಹಿಡಿಯಲು ಒದ್ದಾಡುತ್ತಿರುವ ಮಗುವಿಗೆ ಪ್ರತಿಯೊಂದನ್ನೂ ಕೇಳುವ ಅವಕಾಶ ಮೂರರಲ್ಲೊಂದು ಪಾಲಾಗುತ್ತದೆ.

ಪ್ರಶ್ನೆಗಳನ್ನು ಕಡಿಮೆ ಮಾಡಿ. ‘ಇದೇನು? ಇದ್ಯಾರು? ಇದು ಯಾವ ಬಣ್ಣ?’ ಎಂಬುದು ಮಗುವಿಗೆ ಪರೀಕ್ಷೆ, ‘ಓ, ಕಾಗೆ! ಕಾಗೆ ಬಂತು’ ಎಂಬುದು ಮಾತು. ಪ್ರಶ್ನೆ ಒಂದಿದ್ದರೆ ಹೇಳಿಕೆಗಳು ನಾಲ್ಕಾದರೂ ಇರಲಿ.

ಹಂತ 7: ಒಂದರಿಂದ ಎರಡಕ್ಕೆ

ಸುಮಾರು 50 ಪದಗಳು ಬಳಕೆಗೆ ಬರುವವರೆಗೆ ವಾಕ್ಯಕ್ಕೆ ಒತ್ತಾಯಿಸಬೇಡಿ. ಆ ಮೇಲೆ ಮಗು ಹೇಳಿದ್ದಕ್ಕೆ ಒಂದೇ ಒಂದು ಪದ ಸೇರಿಸಿ ಮರಳಿಸಿ. ಮಗು ‘ಹಾಲು’ ಎಂದರೆ ‘ಹಾಲು ಬೇಕು’, ‘ಬಿಸಿ ಹಾಲು’ ಎನ್ನಿ. ‘ಚೆಂಡು’ ಎಂದರೆ ‘ಚೆಂಡು ಬಿತ್ತು’ ಎನ್ನಿ. ಮಗು ಪುನರುಚ್ಚರಿಸಲೇಬೇಕೆಂದು ಕಾಯಬೇಡಿ. ‘ಬೇಕು’, ‘ಬೇಡ’, ‘ಇಲ್ಲ’, ‘ಬಾ’, ‘ಕೊಡು’ ಎಂಬ ಐದು ಪದಗಳು ಯಾವ ಹೆಸರಿನೊಂದಿಗೂ ಜೋಡಿಯಾಗುವುದರಿಂದ ಇವುಗಳಿಂದಲೇ ಅನೇಕ ಚಿಕ್ಕ ವಾಕ್ಯಗಳು ಹುಟ್ಟುತ್ತವೆ. ವಿಭಕ್ತಿ ಪ್ರತ್ಯಯಗಳು ತಪ್ಪಿದರೆ, ‘ಅಜ್ಜಿ ಮನೆ ಹೋಗು’ ಎಂದರೆ, ತಿದ್ದದೆ ‘ಹೌದು, ಅಜ್ಜಿ ಮನೆಗೆ ಹೋಗೋಣ’ ಎಂದು ಸರಿಯಾದ ರೂಪವನ್ನು ಕೇಳಿಸಿ.

ಪದೇ ಪದೇ ಆಗುವ ತಪ್ಪುಗಳು

ನಾಲಿಗೆಗೆ ಬಜೆ ತೇಯ್ದು ಹಚ್ಚುವುದು ನಮ್ಮಲ್ಲಿ ಬಹಳ ಮನೆಗಳ ರೂಢಿ. ಹಿರಿಯರ ಮನಸ್ಸಿನ ಕಾಳಜಿ ದೊಡ್ಡದು, ಅದನ್ನು ಹಗುರವಾಗಿ ಕಾಣಬಾರದು. ಆದರೆ ಮಾತಿನ ತಡಕ್ಕೆ ಬಜೆ ಚಿಕಿತ್ಸೆಯಲ್ಲ, ಎಳೆ ಮಕ್ಕಳಿಗೆ ಅದರಿಂದ ವಾಂತಿಯಂಥ ತೊಂದರೆಗಳಾಗಬಹುದು, ಮತ್ತು ಅದರ ಫಲಕ್ಕಾಗಿ ಕಾಯುತ್ತಾ ಕಿವಿ ಪರೀಕ್ಷೆಯ ತಿಂಗಳುಗಳು ಕಳೆದುಹೋಗುತ್ತವೆ. ಕಿವಿಗೆ ಬಿಸಿ ಎಣ್ಣೆ ಬಿಡುವುದನ್ನೂ ನಿಲ್ಲಿಸಬೇಕು. ನಾಲಿಗೆಯ ಕೆಳಗಿನ ಪೊರೆ ಗಿಡ್ಡವಾಗಿರುವುದು ಕೆಲವು ಅಕ್ಷರಗಳ ಉಚ್ಚಾರಕ್ಕೆ ತೊಡಕಾಗಬಹುದೇ ಹೊರತು ಮಗುವಿಗೆ ಪದಗಳೇ ಇಲ್ಲದಿರುವುದಕ್ಕೆ ಕಾರಣವಾಗುವುದಿಲ್ಲ. ಆದ್ದರಿಂದ ಪದಗಳಿಲ್ಲದ ಮಗುವಿಗೆ ಅದನ್ನು ಕತ್ತರಿಸಿಬಿಟ್ಟರೆ ಮಾತು ಬರುತ್ತದೆಂದು ನಂಬಬೇಡಿ.

‘ಗಂಡುಮಕ್ಕಳು ತಡ’, ‘ಅವರಪ್ಪನೂ ನಾಲ್ಕು ವರ್ಷಕ್ಕೇ ಮಾತಾಡಿದ್ದು’, ‘ಶಾಲೆಗೆ ಹಾಕಿದರೆ ಸರಿಹೋಗುತ್ತದೆ’ ಎಂಬ ಮೂರು ಸಮಾಧಾನಗಳಿಂದ ಎಷ್ಟು ಮಕ್ಕಳ ಎರಡನೆಯ ಮತ್ತು ಮೂರನೆಯ ವರ್ಷ ಕೈತಪ್ಪಿದೆಯೋ ಹೇಳಲಾಗದು. ಕೆಲವು ಮಕ್ಕಳು ತಾವಾಗಿ ದಾರಿಗೆ ಬರುತ್ತಾರೆ, ನಿಜ. ಯಾವ ಮಗು ಬರುತ್ತದೆ ಎಂಬುದು ಮುಂಚೆಯೇ ಮನೆಯವರಿಗೆ ತಿಳಿಯುವುದಿಲ್ಲವಾದ್ದರಿಂದ ಪರೀಕ್ಷೆ ಮಾಡಿಸುವುದರಲ್ಲಿ ಕಳೆದುಕೊಳ್ಳುವುದೇನೂ ಇಲ್ಲ.

ಮಾತು ತಡವೆಂದು ಮನೆಭಾಷೆ ಬಿಟ್ಟು ಇಂಗ್ಲಿಷಿಗೆ ಹಾರುವುದು ಇನ್ನೊಂದು. ಎರಡು ಭಾಷೆಗಳನ್ನು ಕೇಳುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ತಾಯಿಗೆ ಜೋಗುಳವಾಡಲು, ಗದರಲು, ಮುದ್ದು ಮಾಡಲು ಯಾವ ಭಾಷೆ ಬರುತ್ತದೆಯೋ ಆ ಭಾಷೆಯಲ್ಲೇ ಮಗುವಿನೊಡನೆ ಮಾತಾಡಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿರಲಿ, ಹೊರದೇಶದಲ್ಲಿರಲಿ, ತಡವರಿಸುವ ಇಂಗ್ಲಿಷಿಗಿಂತ ತುಂಬುಗನ್ನಡವೋ ತುಂಬುತುಳುವೋ ಮಗುವಿಗೆ ಹೆಚ್ಚು ಕೊಡುತ್ತದೆ.

ಕಾಯದೆ ಹೊರಡಬೇಕಾದ ಸೂಚನೆಗಳು

ಬಂದಿದ್ದ ಪದಗಳೋ ಸನ್ನೆಗಳೋ ಕಳೆದುಹೋದರೆ ಯಾವ ವಯಸ್ಸಿನಲ್ಲಾದರೂ ಆ ವಾರವೇ ವೈದ್ಯರನ್ನು ಕಾಣಿ. ಒಂದು ವರ್ಷಕ್ಕೆ ತೊದಲು ಮತ್ತು ಸನ್ನೆ ಇಲ್ಲದಿರುವುದು, ಒಂದೂವರೆ ವರ್ಷ ಕಳೆಯುತ್ತಿದ್ದರೂ ಒಂದು ಪದವೂ ಇಲ್ಲದಿರುವುದು, ಎರಡು ವರ್ಷಕ್ಕೆ ಸ್ವಂತವಾಗಿ ಎರಡು ಪದ ಜೋಡಿಸದಿರುವುದು, ಹೆಸರು ಕರೆದರೆ ತಿರುಗದಿರುವುದು, ಕೇಳಿದ್ದನ್ನೇ ಅರ್ಥವಿಲ್ಲದೆ ಪ್ರತಿಧ್ವನಿಸುತ್ತಿರುವುದು, ನುಂಗಲು ಅಗಿಯಲು ಕಷ್ಟಪಡುವುದು ಇವೂ ಅಂಥವೇ. ಎರಡೂವರೆಯಿಂದ ನಾಲ್ಕು ವರ್ಷದ ನಡುವೆ ‘ನಾ-ನಾ-ನಾನು’ ಎಂಬ ತೊದಲುವಿಕೆ ಅನೇಕ ಮಕ್ಕಳಲ್ಲಿ ಬಂದು ಹೋಗುತ್ತದೆ. ಆರು ತಿಂಗಳು ಮೀರಿದರೆ, ಮಗು ಕಣ್ಣು ಬಿಗಿದು ತುಟಿ ಅದುರಿಸಿ ಒದ್ದಾಡುತ್ತಿದ್ದರೆ, ಮಾತಾಡಲು ಹಿಂಜರಿದರೆ ತಜ್ಞರ ಬಳಿ ಹೋಗಿ. ‘ನಿಧಾನವಾಗಿ ಹೇಳು’ ಎಂದು ಆಗಾಗ ತಡೆಯಬೇಡಿ. ನೀವೇ ನಿಧಾನವಾಗಿ ಮಾತಾಡಿ.

ಹಂತ 8: ತಜ್ಞರ ಬಳಿಗೆ

ಹಳ್ಳಿಯಲ್ಲಿರುವವರು ಅಂಗನವಾಡಿಯಿಂದ ಆರಂಭಿಸಬಹುದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕು; ಬೆಳವಣಿಗೆಯ ವಿಳಂಬವೂ ಅವರ ಪಟ್ಟಿಯಲ್ಲಿದೆ. ಅವರು ಜಿಲ್ಲಾ ಆಸ್ಪತ್ರೆಯ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಕ್ಕೆ ಚೀಟಿ ಕೊಡುತ್ತಾರೆ. ತಂಡ ಬರಲೆಂದು ಕಾಯಬೇಕಾಗಿಲ್ಲ, ಆಶಾ ಕಾರ್ಯಕರ್ತೆಯ ಮೂಲಕ ಮೊದಲೇ ವಿಚಾರಿಸಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಭಾಷೆ, ಮನಶ್ಶಾಸ್ತ್ರ ಮೂರೂ ಬಗೆಯ ತಪಾಸಣೆ ಒಂದೇ ಆವರಣದಲ್ಲಿ ಆಗುತ್ತದೆ. ತುಂಬ ದೂರದವರು ಒಂದು ದಿನದಲ್ಲಿ ಮುಗಿಯುವುದೆಂದು ಬರದೆ ಉಳಿಯುವ ಏರ್ಪಾಡು ಮಾಡಿಕೊಂಡು ಬರುವುದು ಒಳ್ಳೆಯದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ವಾಕ್ ಮತ್ತು ಶ್ರವಣ ವಿಭಾಗವಿದೆ.

ಖಾಸಗಿ ಥೆರಪಿ ಕೇಂದ್ರಕ್ಕೆ ಹೋಗುವವರು ಥೆರಪಿ ಕೊಡುವವರ ಹೆಸರು, ಇಂಥ ತಜ್ಞರನ್ನು ನೋಂದಾಯಿಸುವ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿಯಲ್ಲಿದೆಯೇ ಎಂದು ಕೇಳಿ ನೋಡಬೇಕು. ಇದನ್ನು ಕೇಳಲು ಸಂಕೋಚ ಬೇಡ. ಗುರಿಗಳನ್ನು ಬರೆದುಕೊಡದ, ಬಾಗಿಲು ಮುಚ್ಚಿ ಪೋಷಕರನ್ನು ಎಂದೂ ಒಳಗೆ ಬಿಡದ, ಮನೆಯಲ್ಲಿ ಏನು ಮಾಡಬೇಕೆಂದು ಹೇಳದ, ‘ಮೂರು ತಿಂಗಳಲ್ಲಿ ಗ್ಯಾರಂಟಿ’ ಎಂದು ಮುಂಗಡ ಕೇಳುವ ಕೇಂದ್ರದಿಂದ ದೂರವಿರಿ. ಥೆರಪಿಯ ಗಂಟೆಯಲ್ಲಿ ತಾಯಿಯೋ ತಂದೆಯೋ ಅಜ್ಜಿಯೋ ಪಕ್ಕದಲ್ಲಿ ಕುಳಿತು ನೋಡಿ ಕಲಿಯಬೇಕು, ಏಕೆಂದರೆ ಉಳಿದ ಗಂಟೆಗಳು ಅವರವು.

ಕೆಲವು ಮಕ್ಕಳಿಗೆ ಎಲ್ಲವನ್ನೂ ಕ್ರಮವಾಗಿ ಮಾಡಿದರೂ ಬಾಯಿಮಾತು ಬಹಳ ತಡವಾಗಿ ಬರುತ್ತದೆ ಅಥವಾ ಬರುವುದೇ ಇಲ್ಲ. ಅವರು ಅಲ್ಲಿಯವರೆಗೆ ಹಸಿವು, ನೋವು, ಇಷ್ಟ, ಸಿಟ್ಟನ್ನು ತಿಳಿಸಲಾರದೆ ಇರಬೇಕಾಗಿಲ್ಲ. ಅವರದೇ ಲೋಟ, ಅವರದೇ ಹಾಸಿಗೆ, ಅವರದೇ ಚಪ್ಪಲಿಯ ಫೋಟೊ ತೆಗೆದು, ಪ್ರಿಂಟು ಹಾಕಿಸಿ, ಲ್ಯಾಮಿನೇಟ್ ಮಾಡಿಸಿ, ಮಗುವಿನ ಕೈಗೆಟಕುವ ಎತ್ತರದಲ್ಲಿ ಅಂಟಿಸಿಡಿ. ಮಗು ಫೋಟೊ ಕಿತ್ತು ತಂದುಕೊಟ್ಟರೆ ಪದ ಹೇಳಿ ಆ ವಸ್ತುವನ್ನು ಕೊಡಿ. ಕಿವಿ ಕೇಳದ ಮಗುವಿಗೆ ಸಂಜ್ಞಾಭಾಷೆಯೂ ಪೂರ್ಣವಾದ ಭಾಷೆಯೇ. ಚಿತ್ರವಾಗಲಿ ಸಂಜ್ಞೆಯಾಗಲಿ ಮಾತಿನ ದಾರಿಗೆ ಅಡ್ಡ ಬರುವುದಿಲ್ಲ, ಆದ್ದರಿಂದ ಇದನ್ನು ಕೊನೆಯ ಉಪಾಯವೆಂದು ಬಚ್ಚಿಡದೆ ತಜ್ಞರೊಂದಿಗೆ ಆರಂಭದಲ್ಲಿಯೇ ಮಾತಾಡಿ.

ಮೂರು ತಿಂಗಳಿಗೊಮ್ಮೆ ಎರಡನೆಯ ಹಂತದ ನೋಟ್‌ಬುಕ್ಕನ್ನು ತೆರೆದು, ಅದೇ ಮೂರು ಭಾಗಗಳನ್ನು ಹೊಸದಾಗಿ ಬರೆಯಿರಿ. ಪದಗಳು ಹೆಚ್ಚದಿದ್ದರೂ ಅರ್ಥವಾಗುವುದು ಮತ್ತು ಸನ್ನೆ ಹೆಚ್ಚಿದ್ದರೆ ಕೆಲಸ ಸರಿಯಾಗಿ ಸಾಗಿದೆ, ಅದೇ ಹಂತದಲ್ಲಿ ಮುಂದುವರಿಯಿರಿ. ಮೂರರಲ್ಲೂ ಚಲನೆ ಇಲ್ಲದಿದ್ದರೆ ಒಂದನೆಯ ಹಂತಕ್ಕೆ ಮರಳಿ ಕಿವಿಯನ್ನು ಇನ್ನೊಮ್ಮೆ ಪರೀಕ್ಷೆ ಮಾಡಿಸಿ, ಆ ನೋಟ್‌ಬುಕ್ಕನ್ನೂ ವಿಡಿಯೊಗಳನ್ನೂ ತಜ್ಞರ ಮುಂದಿಟ್ಟು ಥೆರಪಿಯ ಗುರಿಗಳನ್ನು ಬದಲಾಯಿಸುವಂತೆ ಕೇಳಿ.